ಇನ್ಸುಲಿನ್ ತಗೊಂಡರೆ ಅವಿಶ್ವಾಸವಾ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಮ್ಮ ಅತ್ತೆಗೆ 61 ವರ್ಷ. 14 ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಬೆಳಿಗ್ಗೆ, ರಾತ್ರಿ ಇನ್ಸುಲಿನ್ ಇತ್ತು, ಜೊತೆಗೆ ಮಾತ್ರೆ. ಈಚೆಗೆ ಮೂರು ದಿನದ ಸ್ವಸ್ಥತೆಯ ಕೂಟಕ್ಕೆ ಹೋಗಿದ್ದರು. ಕೊನೆಯ ದಿನ ಬೋಧಕರು, "ನಂಬಿಕೆ ಇರುವವರು ನಿಮ್ಮ ಔಷಧಿ ತಂದು ವೇದಿಕೆ ಮೇಲೆ ಇಡಿ" ಅಂದರಂತೆ. ಅತ್ತೆ ಮಾತ್ರೆಯ ಜೊತೆ ಇನ್ಸುಲಿನ್ ಬಾಟಲಿಯನ್ನೂ ಇಟ್ಟು ಬಂದರು. ಇವತ್ತಿಗೆ 11 ದಿನ. ನಾನು ಹಟ ಮಾಡಿ ಮೀಟರಿನಲ್ಲಿ ನೋಡಿದರೆ ಖಾಲಿ ಹೊಟ್ಟೆಯಲ್ಲೇ 312 ಇತ್ತು. "ಮೀಟರಿನಲ್ಲಿ ಸೈತಾನ ಸುಳ್ಳು ತೋರಿಸ್ತಾನೆ" ಅಂದುಬಿಟ್ಟರು. ಕಾಲಿನ ಹೆಬ್ಬೆರಳ ಪಕ್ಕ ಒಂದು ಗಾಯ ಆಗಿದೆ, ಒಣಗುತ್ತಿಲ್ಲ. ಕೇಳಿದರೆ ಬೈಬಲಿನ ಯೆಶಾಯ 53, ಯಾಕೋಬ 5 ತೆಗೆದು ತೋರಿಸುತ್ತಾರೆ. ಮೊನ್ನೆ ಕೂಟದವರು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಹೋಗುವಾಗ, "ಈ ಮನೆಯಲ್ಲಿ ಒಬ್ಬರ ಅವಿಶ್ವಾಸ ಗುಣವನ್ನು ತಡೆಯುತ್ತಿದೆ" ಎಂದರು. ಎಲ್ಲರ ಕಣ್ಣೂ ನನ್ನ ಮೇಲೆ. ನಮ್ಮ ಯಜಮಾನರು ತಾಯಿಗೆ ಎದುರು ಮಾತಾಡುವವರಲ್ಲ. ಅವರಿಗೆ ಗೊತ್ತಾಗದ ಹಾಗೆ ಮಾತ್ರೆ ಪುಡಿ ಮಾಡಿ ಸಾರಿಗೆ ಹಾಕಿಬಿಡಲಾ ಅಂತಲೂ ಯೋಚಿಸಿದ್ದೇನೆ. ಇನ್ನೊಂದು. ಅವಿಶ್ವಾಸ ಇಟ್ಟುಕೊಂಡು ಕರ್ತನ ಭೋಜನ (ಸಭೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತಗೋಬೇಡ ಅಂತ ಅತ್ತೆ ಹೇಳಿದ್ದಾರೆ. ಹೋದ ಭಾನುವಾರ ನಾನು ಎದ್ದು ಹೋಗಲಿಲ್ಲ. ನನ್ನ ನಂಬಿಕೆ ನಿಜವಾಗಲೂ ಕಡಿಮೆಯಾ?

— ದಾವಣಗೆರೆ ಕಡೆಯ ಒಬ್ಬ ಸಹೋದರಿ

ಉತ್ತರ: ಸಹೋದರಿ, ವಚನದ ವಿಷಯ ಆಮೇಲೆ. ಮೊದಲು ಈ ಎರಡು ಮಾತು ಓದಿ, ಮಿಕ್ಕಿದ್ದನ್ನು ಆಸ್ಪತ್ರೆಯಿಂದ ಬಂದ ಮೇಲೆ ಓದಿದರೂ ಆಯಿತು.

ಇನ್ಸುಲಿನ್ ನಿಂತು 11 ದಿನ, ಖಾಲಿ ಹೊಟ್ಟೆಯಲ್ಲಿ 312, ಕಾಲಿನಲ್ಲಿ ಒಣಗದ ಗಾಯ. ಈ ಮೂರೂ ಒಟ್ಟಿಗೆ ಇರುವಾಗ ಭಾನುವಾರದವರೆಗೆ ಕಾಯುವ ಹಾಗಿಲ್ಲ. ಇವತ್ತೇ, ತಪ್ಪಿದರೆ ನಾಳೆ ಬೆಳಿಗ್ಗೆ ವೈದ್ಯರಿಗೆ ತೋರಿಸಿ. ವಾಂತಿ, ಮಂಪರು, ಮಾತು ತೊದಲುವುದು, ಉಸಿರು ಜೋರಾಗುವುದು, ಎಷ್ಟು ನೀರು ಕುಡಿದರೂ ಬಾಯಿ ಒಣಗುವುದು, ಇದರಲ್ಲಿ ಒಂದು ಕಂಡರೂ ರಾತ್ರಿ ಎಷ್ಟೇ ಹೊತ್ತಾಗಿರಲಿ, ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ. ಹಳೆಯ ಚೀಟಿ ನೋಡಿ ನೀವೇ ಇನ್ಸುಲಿನ್ ಶುರು ಮಾಡಬೇಡಿ. ಇಷ್ಟು ದಿನ ಬಿಟ್ಟ ಮೇಲೆ ಎಷ್ಟು ಯೂನಿಟ್ ಅನ್ನುವುದನ್ನು ವೈದ್ಯರೇ ಹೇಳಬೇಕು. ಅತ್ತೆ ಬರಿಗಾಲಲ್ಲಿ ಓಡಾಡದ ಹಾಗೆ ನೋಡಿಕೊಳ್ಳಿ.

ಈಗ ನಿಮ್ಮ ಪ್ರಶ್ನೆ. ನಾನು ಸಭಾಪಾಲಕ. ಅದರಲ್ಲಿ 19 ವರ್ಷ ಒಂದು ಮಿಷನ್ ಆಸ್ಪತ್ರೆಯಲ್ಲಿ ವಾರ್ಡಿನಿಂದ ವಾರ್ಡಿಗೆ ಓಡಾಡಿಕೊಂಡು ರೋಗಿಗಳ ಜೊತೆ ಪ್ರಾರ್ಥನೆ ಮಾಡುವ ಕೆಲಸ. ವೈದ್ಯನಲ್ಲ. ಪ್ರಾರ್ಥನೆಯಿಂದ ಗುಣವಾಗುವುದಿಲ್ಲ ಅಂತ ಹೇಳುವವನೂ ಅಲ್ಲ. ವೈದ್ಯರು ಕೈಬಿಟ್ಟ ಇಬ್ಬರು ಮೂವರು ಎದ್ದು ಮನೆಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗೆಯೇ ಮಾತ್ರೆ ಬಿಟ್ಟು ಬಂದವರನ್ನೂ ಕಂಡಿದ್ದೇನೆ. ಅವರ ಸಂಖ್ಯೆ ಇಬ್ಬರು ಮೂವರಲ್ಲ.

ನೀವು ಕೇಳಿರುವುದರಲ್ಲಿ ಮೂರು ವಿಷಯ ಸೇರಿಕೊಂಡಿವೆ. ಔಷಧಿ ತಗೊಳ್ಳುವುದು ಅವಿಶ್ವಾಸವಾ ಅನ್ನುವುದು ಒಂದು. ಅತ್ತೆಗೆ ಗುಣವಾಗದಿದ್ದರೆ ಅದು ನಿಮ್ಮ ತಪ್ಪಾ ಅನ್ನುವುದು ಇನ್ನೊಂದು. ಮನೆಯೊಳಗೆ ಈಗ ಏನು ಮಾಡಬೇಕು ಅನ್ನುವುದು ಮೂರನೆಯದು. ಎರಡನೆಯದೇ ನಿಮ್ಮನ್ನು ಜಾಸ್ತಿ ಸುಡುತ್ತಿದೆ ಅನ್ನಿಸುತ್ತದೆ. ಆದರೂ ಮೊದಲನೆಯದರಿಂದ ಶುರು ಮಾಡೋಣ.

ಅತ್ತೆ ತೋರಿಸಿದ ಯಾಕೋಬ 5:14 ತೆಗೆಯಿರಿ. ನಿಮ್ಮಲ್ಲಿ ಒಬ್ಬನು ಅಸ್ವಸ್ಥನಾಗಿದ್ದರೆ ಸಭೆಯ ಹಿರಿಯರನ್ನು ಕರೆಸಲಿ, ಅವರು ಕರ್ತನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದಿದೆ. ಇದರಲ್ಲಿ ವೇದಿಕೆ ಇಲ್ಲ, ಮೈಕ್ ಇಲ್ಲ. ರೋಗಿ ಇರುವ ಕಡೆಗೆ ಹಿರಿಯರು ಬರುತ್ತಾರೆ. ಬರುವವರು ಅವರ ಸ್ವಂತ ಸಭೆಯವರು, ಪರಿಚಯದವರು, ನಾಳೆಯೂ ನಾಡಿದ್ದೂ ಬಾಗಿಲು ತಟ್ಟಿ ಹೇಗಿದ್ದೀರಿ ಅಂತ ಕೇಳುವವರು. ಔಷಧಿ ಬಿಡಬೇಕು ಅನ್ನುವ ಮಾತು ಆ ವಚನದಲ್ಲಿ ಎಲ್ಲೂ ಇಲ್ಲ. ಇನ್ನೊಂದು ಸಣ್ಣ ವಿಷಯ. ನಮ್ಮ ಕನ್ನಡ ಸತ್ಯವೇದದಲ್ಲಿ ಅಲ್ಲಿ ಇರುವುದು 'ಎಣ್ಣೆ ಹಚ್ಚಿ' ಅಂತ, 'ಅಭಿಷೇಕಿಸಿ' ಅಂತ ಅಲ್ಲ. ಗ್ರೀಕಿನಲ್ಲಿರುವ ಪದವೂ ಮೈಗೆ, ತಲೆಗೆ ಎಣ್ಣೆ ಹಚ್ಚುವ ದಿನಬಳಕೆಯ ಪದವೇ. ಆ ಕಾಲಕ್ಕೆ ಎಣ್ಣೆ ಮದ್ದೂ ಆಗಿತ್ತು. ಗಾಯಗೊಂಡು ಬಿದ್ದವನಿಗೆ ಒಳ್ಳೆಯ ಸಮಾರ್ಯದವನು ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ್ದು ನೆನಪಿದೆಯಲ್ಲ. ಯಾಕೋಬನು ಹೇಳಿದ ಎಣ್ಣೆ ಮದ್ದೋ, ಪ್ರಾರ್ಥನೆಯ ಗುರುತೋ ಅಂತ ಪಂಡಿತರಲ್ಲಿ ವಾದ ಇದೆ. ಎರಡೂ ಇರಬಹುದು ಅಂತ ನನ್ನ ಅನಿಸಿಕೆ. ಆ ಕಾಲದವರಿಗೆ ಪ್ರಾರ್ಥನೆ ಒಂದು ಕಡೆ, ಮದ್ದು ಒಂದು ಕಡೆ ಅನ್ನುವ ಜಗಳವೇ ಗೊತ್ತಿದ್ದ ಹಾಗೆ ಕಾಣುವುದಿಲ್ಲ.

ಇದನ್ನು ಹಿಜ್ಕೀಯ ಅರಸನ ಕಥೆಯಲ್ಲಿ ಇನ್ನೂ ಚೆನ್ನಾಗಿ ನೋಡಬಹುದು. ಅವನು ಸಾಯುವ ಸ್ಥಿತಿಯಲ್ಲಿದ್ದ. ಗೋಡೆಯ ಕಡೆ ಮುಖ ತಿರುಗಿಸಿ ಅತ್ತ. ದೇವರು ಕೇಳಿದರು. 15 ವರ್ಷ ಆಯುಸ್ಸು ಕೂಡಿಸುತ್ತೇನೆ ಅಂತ ಪ್ರವಾದಿ ಯೆಶಾಯನ ಬಾಯಿಂದಲೇ ಹೇಳಿಸಿದರು. ಇದಕ್ಕಿಂತ ಖಚಿತವಾದ ವಾಗ್ದಾನ ಯಾರಿಗೆ ಸಿಕ್ಕೀತು? ಆದರೆ ಅದೇ ಯೆಶಾಯ ಮುಂದೆ ಏನು ಹೇಳಿದ? ಅಂಜೂರದ ಹಣ್ಣಿನ ಉಂಡೆ ತಂದು ಹುಣ್ಣಿನ ಮೇಲೆ ಕಟ್ಟಿ ಅಂದ. ಯೆಶಾಯ 38:21. 2 ಅರಸುಗಳು 20:7ರಲ್ಲೂ ಇದೆ. ವಾಗ್ದಾನ ಕೊಟ್ಟ ಮೇಲೆ ಪಟ್ಟಿ ಯಾಕೆ ಅಂತ ಯಾರೂ ಕೇಳಲಿಲ್ಲ. ಅತ್ತೆ ಯೆಶಾಯ 53 ಓದುವಾಗ ಹಿಂದಕ್ಕೆ 15 ಅಧ್ಯಾಯ ತಿರುಗಿಸಿ ಇದನ್ನೂ ಓದಿಸಿ. ಪುಸ್ತಕ ಒಂದೇ, ಪ್ರವಾದಿಯೂ ಅವನೇ.

ಇನ್ನು 53:5. 'ಆತನ ಬಾಸುಂಡೆಗಳಿಂದ ನಮಗೆ ಗುಣವಾಯಿತು' ಅನ್ನುವುದು ನಮ್ಮೆಲ್ಲರಿಗೂ ಪ್ರಿಯವಾದ ವಚನ. ಇದರ ಮೇಲೆ ಎಷ್ಟು ಸಲ ಪ್ರಸಂಗ ಮಾಡಿದ್ದೇನೋ ಲೆಕ್ಕವಿಲ್ಲ. ಪೇತ್ರನು ತನ್ನ ಮೊದಲ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಇದೇ ಮಾತನ್ನು ಎತ್ತಿಕೊಳ್ಳುವಾಗ ಪಾಪದ ಬಿಡುಗಡೆಯ ಬಗ್ಗೆ, ತಪ್ಪಿಸಿಕೊಂಡ ಕುರಿಗಳು ಕುರುಬನ ಹತ್ತಿರ ತಿರುಗಿ ಬಂದದ್ದರ ಬಗ್ಗೆ ಮಾತಾಡುತ್ತಾನೆ. ಮತ್ತಾಯನು 8ನೇ ಅಧ್ಯಾಯದಲ್ಲಿ ಅದೇ ಯೆಶಾಯ 53ರ ಇನ್ನೊಂದು ವಚನವನ್ನು ಮೈಯ ಕಾಯಿಲೆಗೂ ಹೊಂದಿಸುತ್ತಾನೆ, ಅದನ್ನೂ ಮುಚ್ಚಿಡಬಾರದು. ಹಾಗಾಗಿ ದೇಹಕ್ಕೆ ಸಂಬಂಧವೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ಈ ವಚನ ಹಿಡಿದು 'ನಂಬಿದವರಿಗೆ ಕಾಯಿಲೆ ಇರಲೇಬಾರದು' ಅನ್ನುವವರು ಪೌಲನ ಜೊತೆಗಾರರ ಗತಿ ಏನು ಅಂತ ಹೇಳಬೇಕು.

ಯಾಕೆಂದರೆ ಪೌಲನ ಕೈಯಿಂದ ಗುಣವಾದವರು ಎಷ್ಟೋ ಜನ. ಆದರೂ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದೆ ಅಂತ ಅವನೇ ಬರೆಯುತ್ತಾನೆ (2 ತಿಮೊಥೆಯ 4:20). ಎಪಫ್ರೊದೀತ ಸಾಯುವಷ್ಟು ಹುಷಾರಿಲ್ಲದೆ ಮಲಗಿದ್ದ. ತಿಮೊಥೆಯನಿಗೆ ಆಗಾಗ ಹೊಟ್ಟೆಯ ತೊಂದರೆ. ಅವನಿಗೆ ಪೌಲ 'ನಿನ್ನ ನಂಬಿಕೆ ಸಾಲದು' ಅಂದನಾ? ಇಲ್ಲ. ಬರೀ ನೀರು ಕುಡಿಯಬೇಡ, ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸ ತಗೋ ಅಂದ (1 ತಿಮೊಥೆಯ 5:23). ಮನೆಯಲ್ಲಿ ಅಜ್ಜಿ ಜೀರಿಗೆ ಕಷಾಯ ಕುಡಿ ಅನ್ನುತ್ತಾರಲ್ಲ, ಹಾಗೆ. ಪೌಲನಿಗೇ ಮೈಯಲ್ಲಿ ಒಂದು ಮುಳ್ಳು ಇತ್ತು. ಮೂರು ಸಲ ಬೇಡಿಕೊಂಡ. ಸಿಕ್ಕಿದ ಉತ್ತರ 'ನನ್ನ ಕೃಪೆಯೇ ನಿನಗೆ ಸಾಕು' ಎಂದು. ಇನ್ನು ಅವನ ಜೊತೆ ಊರೂರು ತಿರುಗಿದ ಲೂಕ ಯಾರು? ಕೊಲೊಸ್ಸೆಯವರ ಪತ್ರಿಕೆಯಲ್ಲಿ 'ಪ್ರಿಯ ವೈದ್ಯ' ಅಂತಲೇ ಕರೆದಿದ್ದಾನೆ.

ನಿಮಗೆ ಎದುರು ವಚನಗಳನ್ನೂ ತೋರಿಸುತ್ತಾರೆ. ಸಾಮಾನ್ಯವಾಗಿ ಆಸ ಅರಸನದು. 2 ಪೂರ್ವಕಾಲವೃತ್ತಾಂತ 16:12. ಕಾಲಿನ ರೋಗ ಬಂದಾಗ ಅವನು ಕರ್ತನನ್ನು ಬಿಟ್ಟು ವೈದ್ಯರನ್ನು ಹುಡುಕಿದ ಅಂತ ಇದೆ. ನಿಮ್ಮ ಅತ್ತೆಗೂ ಕಾಲಿನ ಗಾಯ, ಹಾಗಾಗಿ ಇದು ಇಂದೋ ನಾಳೆಯೋ ಬರುತ್ತದೆ, ತಯಾರಾಗಿರಿ. ಆ ಅಧ್ಯಾಯವನ್ನು ಮೊದಲಿಂದ ಓದಿ. ಆಸನು ದೇವಾಲಯದ ಬೆಳ್ಳಿ ಬಂಗಾರ ತೆಗೆದು ಅರಾಮಿನ ಅರಸನಿಗೆ ಕೊಟ್ಟು ಸಹಾಯ ಕೇಳಿದ. ತಪ್ಪು ಅಂತ ಹೇಳಿದ ದರ್ಶಿಯನ್ನು ಸೆರೆಯಲ್ಲಿ ಹಾಕಿದ. ಕಾಯಿಲೆ ಬಂದ ಮೇಲೂ ದೇವರ ಕಡೆ ತಿರುಗಲಿಲ್ಲ. ಅವನ ತಪ್ಪು ಅದು. ದೇವರ ಹತ್ತಿರ ಹೋಗದೇ ಇದ್ದದ್ದು. ವೈದ್ಯನ ಹತ್ತಿರ ಹೋದದ್ದಲ್ಲ. ನಿಮ್ಮ ಅತ್ತೆ ದಿನಕ್ಕೆ ಮೂರು ಹೊತ್ತು ಮೊಣಕಾಲೂರುವವರು. ಅವರಿಗೂ ಆಸನಿಗೂ ಏನು ಸಂಬಂಧ?

ಇನ್ನೊಂದು, 12 ವರ್ಷ ರಕ್ತಸ್ರಾವ ಇದ್ದ ಹೆಂಗಸು. ವೈದ್ಯರ ಕೈಯಲ್ಲಿ ಬಹಳ ಕಷ್ಟಪಟ್ಟು, ಇದ್ದದ್ದೆಲ್ಲ ಕಳೆದುಕೊಂಡು, ಇನ್ನೂ ಕೆಟ್ಟಿತು ಅಂತ ಮಾರ್ಕ ಬರೆದಿದ್ದಾನೆ. ನಿಜ. ಕೆಟ್ಟ ವೈದ್ಯಕೀಯ ಆಗಲೂ ಇತ್ತು, ಬಿಲ್ಲು ಆಗಲೂ ಇತ್ತು! ತಮಾಷೆ ಏನೆಂದರೆ ಅದೇ ಕಥೆ ಲೂಕನಲ್ಲಿ ಓದಿದರೆ ಆ 'ಇನ್ನೂ ಕೆಟ್ಟಿತು' ಅನ್ನುವ ಮಾತು ಇಲ್ಲ. ಯಾರಿಂದಲೂ ವಾಸಿ ಮಾಡಲು ಆಗಲಿಲ್ಲ ಅಂತ ಮೆಲ್ಲಗೆ ಮುಗಿಸಿದ್ದಾನೆ. ತನ್ನ ಕಸುಬಿನವರ ಮರ್ಯಾದೆ ಕಾಪಾಡಿದ ಅಂತ ನಾವು ಆಸ್ಪತ್ರೆಯ ಡಾಕ್ಟರುಗಳನ್ನು ರೇಗಿಸುತ್ತಿದ್ದೆವು.

ಕಥೊಲಿಕರ ಬೈಬಲಿನಲ್ಲಿ ಸಿರಾಖನ ಪುಸ್ತಕ ಇದೆ. ನಮ್ಮ ಪ್ರೊಟೆಸ್ಟೆಂಟ್ ಬೈಬಲಿನಲ್ಲಿ ಅದು ಇಲ್ಲ, ಆದರೂ ಹಳೆಯ ಯೆಹೂದ್ಯರ ಯೋಚನೆ ಹೇಗಿತ್ತು ಅನ್ನುವುದಕ್ಕೆ ಓದಬಹುದು. ಅದರ 38ನೇ ಅಧ್ಯಾಯದ ಮೊದಲ 15 ವಚನಗಳಲ್ಲಿ ಇದೇ ವಿಷಯ. ವೈದ್ಯನನ್ನು ಗೌರವಿಸು, ಅವನನ್ನು ಉಂಟುಮಾಡಿದವನು ಕರ್ತನೇ. ಔಷಧಿಯನ್ನು ಭೂಮಿಯಿಂದ ಕೊಟ್ಟವನೂ ಅವನೇ, ತಿಳಿದವನು ಅದನ್ನು ತಳ್ಳಿಬಿಡುವುದಿಲ್ಲ. ಕಾಯಿಲೆ ಬಿದ್ದಾಗ ಪ್ರಾರ್ಥನೆ ಮಾಡು, ಆಮೇಲೆ ವೈದ್ಯನಿಗೂ ಜಾಗ ಬಿಡು. ಸುಮಾರು 2,200 ವರ್ಷದ ಹಿಂದಿನ ಮಾತು.

ನಮ್ಮ ನಾಡಿನಲ್ಲೇ ನೋಡಿ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಮದ್ದು ಕೊಡಲು ಶುರು ಮಾಡಿದ ಫಾದರ್ ಮುಲ್ಲರ್ ಒಬ್ಬ ಪಾದ್ರಿ. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಲ್ಲಿ ಕನ್ಯಾಸ್ತ್ರೀಯರು ಕಟ್ಟಿದ್ದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದ್ದು, ಊರಿನವರು ಇವತ್ತಿಗೂ ಮಿಷನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಬೈಬಲ್ ಹಿಡಿದು ಬಂದವರೇ ಇವನ್ನೆಲ್ಲ ಕಟ್ಟಿದರು. ಔಷಧಿ ಅವಿಶ್ವಾಸ ಆಗಿದ್ದರೆ ಅವರಿಗೆ ಮೊದಲು ಗೊತ್ತಾಗಬೇಕಿತ್ತು, ಅಲ್ವಾ?

ಈಗ ಮೀಟರ್. 'ಸೈತಾನ ಸುಳ್ಳು ತೋರಿಸ್ತಾನೆ' ಅನ್ನುವ ಮಾತಿಗೆ ನನ್ನ ಹತ್ತಿರ ಇರುವ ಉತ್ತರ ಯೇಸುವಿನದೇ. ಕುಷ್ಠರೋಗಿಯನ್ನು ಮುಟ್ಟಿ ಶುದ್ಧ ಮಾಡಿದ ಮೇಲೆ ಯೇಸು ಏನು ಹೇಳಿದರು? 'ಹೋಗಿ ಯಾಜಕನಿಗೆ ನಿನ್ನ ಮೈ ತೋರಿಸು' ಅಂದರು. ಮಾರ್ಕ 1:44. ಹತ್ತು ಮಂದಿ ಕುಷ್ಠರೋಗಿಗಳಿಗೂ ಅದನ್ನೇ ಹೇಳಿದರು, ಲೂಕ 17:14. ಯಾಜಕಕಾಂಡದ 13, 14ನೇ ಅಧ್ಯಾಯ ನೋಡಿದರೆ ಆ ತಪಾಸಣೆ ಎಷ್ಟು ಕಟ್ಟುನಿಟ್ಟು ಅಂತ ತಿಳಿಯುತ್ತದೆ. ಯಾಜಕ ಚರ್ಮದ ಬಣ್ಣ ನೋಡಬೇಕು, ಮಚ್ಚೆ ಆಳಕ್ಕೆ ಇಳಿದಿದೆಯಾ ನೋಡಬೇಕು, ಅಲ್ಲಿನ ಕೂದಲು ಬೆಳ್ಳಗಾಗಿದೆಯಾ ನೋಡಬೇಕು, ಅನುಮಾನ ಇದ್ದರೆ ಏಳು ದಿನ ಪ್ರತ್ಯೇಕ ಇಟ್ಟು ಮತ್ತೆ ನೋಡಬೇಕು. ಶುದ್ಧ ಅಂತ ಅವನು ಹೇಳಿದ ಮೇಲೆಯೇ ಊರೊಳಗೆ ಪ್ರವೇಶ. ಯೇಸು ತಾವೇ ಗುಣ ಮಾಡಿದ್ದಾಗಲೂ 'ನಾನು ಹೇಳಿದ್ದೇನಲ್ಲ, ತಪಾಸಣೆ ಯಾಕೆ' ಅನ್ನಲಿಲ್ಲ. ತಪಾಸಣೆಗೆ ಕಳಿಸಿದರು.

ಸಕ್ಕರೆ ಕಾಯಿಲೆಗೆ ಇವತ್ತಿನ ಆ ಯಾಜಕ ಅಂದರೆ ಎಚ್‌ಬಿಎ1ಸಿ ಪರೀಕ್ಷೆ. ರಕ್ತದಲ್ಲಿ ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಅದರಲ್ಲಿ ಗೊತ್ತಾಗುತ್ತದೆ. ಒಂದು ದಿನ ಉಪವಾಸ ಮಾಡಿ ಅದನ್ನು ಇಳಿಸಲು ಆಗುವುದಿಲ್ಲ. ದೇವರು ಗುಣ ಮಾಡಿದ್ದರೆ ಔಷಧಿ ತಗೊಳ್ಳುತ್ತಿರುವಾಗಲೇ ಸಕ್ಕರೆ ಇಳಿಯುತ್ತಾ ಬರುತ್ತದೆ. ವೈದ್ಯರೇ ಯೂನಿಟ್ ಕಡಿಮೆ ಮಾಡುತ್ತಾ ಹೋಗುತ್ತಾರೆ. ನಿಲ್ಲಿಸಿ ಅಂತ ಅವರೇ ಹೇಳುತ್ತಾರೆ. ಆ ಸಾಕ್ಷಿಯನ್ನು ಸಭೆಯ ಮುಂದೆ ಹೇಳಲಿ, ಮೊದಲು 'ಆಮೆನ್' ಹೇಳುವವನು ನಾನು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನಾನು ಆಗ ಹೊಸದಾಗಿ ಸೇವೆಗೆ ಬಂದಿದ್ದೆ. ಒಂದು ಭಾನುವಾರ ಸಭೆಯಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತು ಸಾಕ್ಷಿ ಹೇಳಿದಳು. ಕ್ಷಯ ಇತ್ತು, ಪ್ರಾರ್ಥನೆಯಿಂದ ಕೆಮ್ಮು ನಿಂತಿತು, ಜ್ವರ ಹೋಯಿತು, ಮೈ ತುಂಬಿಕೊಂಡಿತು, ಎರಡೂವರೆ ತಿಂಗಳಿಗೇ ಮಾತ್ರೆ ಬಿಟ್ಟೆ ಅಂದಳು. ಸಭೆಯೆಲ್ಲ ಸ್ತೋತ್ರ ಹೇಳಿತು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ನಾನು. ಕ್ಷಯದ ಮಾತ್ರೆ ಎರಡು ತಿಂಗಳು ನುಂಗಿದರೆ ಯಾರಿಗಾದರೂ ಹಾಗೆಯೇ ಹುಷಾರಾದ ಹಾಗೆ ಅನಿಸುತ್ತದೆ, ಆರು ತಿಂಗಳು ಮುಗಿಸದೆ ಬಿಟ್ಟರೆ ರೋಗ ಮಾತ್ರೆಗೆ ಬಗ್ಗದ ಹಾಗೆ ತಿರುಗಿ ಬರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳಬಹುದಿತ್ತು, ಕೇಳಲಿಲ್ಲ. ಅವಳಿಗೆ ತಿರುಗಿ ಬಂತು. ಆಗಿನ ಪದ್ಧತಿಯಂತೆ ತಿಂಗಳುಗಟ್ಟಲೆ ದಿನಾ ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು. ಇಂಜೆಕ್ಷನ್ನಿನ ದೆಸೆಯಿಂದ ಕಿವಿ ಹೋಯಿತು. ಈಗಲೂ ಸಿಗುತ್ತಾಳೆ. ಪ್ರಾರ್ಥನೆ ಮಾಡುವಾಗ ನನ್ನ ಬಾಯಿಯನ್ನೇ ನೋಡುತ್ತಾ ನಿಂತಿರುತ್ತಾಳೆ. ಕಣ್ಣು ಮುಚ್ಚಿದರೆ ಏನು ಹೇಳುತ್ತಿದ್ದೇನೆ ಅಂತ ಅವಳಿಗೆ ತಿಳಿಯುವುದಿಲ್ಲ.

ಹಾಗಾಗಿ ಅತ್ತೆಗೆ 'ಈಗ ಮೈ ಹಗುರವಾಗಿದೆ' ಅನಿಸುತ್ತಿದ್ದರೆ ಅದು ಸುಳ್ಳಲ್ಲ, ಆದರೆ ಪುರಾವೆಯೂ ಅಲ್ಲ. ಸಕ್ಕರೆ ಏರಿದ್ದು ಎಷ್ಟೋ ಜನಕ್ಕೆ ದಿನಗಟ್ಟಲೆ ಗೊತ್ತೇ ಆಗುವುದಿಲ್ಲ. ಮಧ್ಯೆ ಮಧ್ಯೆ ಸಕ್ಕರೆ ಇಳಿದು ಬೆವರು, ನಡುಕ ಬರುತ್ತಿದ್ದವರಿಗೆ ಇನ್ಸುಲಿನ್ ನಿಂತ ತಕ್ಷಣ ಅದೂ ನಿಲ್ಲುತ್ತದೆ. ಆರಾಮ ಅನಿಸಿಯೇ ಅನಿಸುತ್ತದೆ.

ಇದಕ್ಕಿಂತ ಮುಖ್ಯವಾದ ಒಂದು ಮಾತು. ಔಷಧಿ ಬಿಟ್ಟು ಬಂದವರ ಪಕ್ಕದಲ್ಲಿ ಕುಳಿತು ನಿಧಾನಕ್ಕೆ ಕೇಳಿದಾಗ, ಬಹಳ ಸಲ ಒಳಗಿಂದ ಬೇರೆಯೇ ವಿಷಯ ಹೊರಬರುತ್ತದೆ. ಒಬ್ಬ ಅಜ್ಜಿ ಸೀರೆ ಸರಿಸಿ ಹೊಟ್ಟೆ ತೋರಿಸಿದರು. ಸೂಜಿ ಚುಚ್ಚಿ ಚುಚ್ಚಿ ಹೊಕ್ಕುಳಿನ ಎರಡೂ ಕಡೆ ಗಂಟುಗಂಟು. 'ಸಾಕಾಗಿದೆ ಅಯ್ಯನವರೇ' ಅಂದರು. ಅವರಿಗೆ ವೈದ್ಯರ ಮೇಲೂ ಸಿಟ್ಟಿರಲಿಲ್ಲ, ವಚನದ ವಾದವೂ ಬೇಕಿರಲಿಲ್ಲ. ಮದುವೆ ಮನೆಯಲ್ಲಿ ಹೋಳಿಗೆ ಎಲೆಗೆ ಬಿದ್ದ ತಕ್ಷಣ ನಾಲ್ಕು ಜನ ಒಟ್ಟಿಗೆ 'ನೀವು ತಿನ್ನಬಾರದು' ಅನ್ನುವುದು ಸಾಕಾಗಿತ್ತು. ಮಗನ ಸಂಬಳದಲ್ಲಿ ಔಷಧಿಗೆ ಎಷ್ಟು ಹೋಗುತ್ತದೆ ಅನ್ನುವ ಲೆಕ್ಕ ಸಾಕಾಗಿತ್ತು. ಅಂಥವರಿಗೆ ವೇದಿಕೆಯ ಮೇಲಿಂದ 'ಇಟ್ಟುಬಿಡಿ' ಅಂದರೆ ಸಾಕು, ಇಟ್ಟುಬಿಡುತ್ತಾರೆ. ನಿಮ್ಮ ಅತ್ತೆಯನ್ನು ಒಮ್ಮೆ ಕೇಳಿ ನೋಡಿ. ವಚನ ಮಾತಾಡಬೇಡಿ. 'ಅತ್ತೆ, ಸೂಜಿ ತುಂಬಾ ನೋಯ್ತಿತ್ತಾ?' ಅಂತ ಕೇಳಿ. ಒಂದೇ ಜಾಗಕ್ಕೆ ಚುಚ್ಚದೆ ಜಾಗ ಬದಲಿಸುವುದು, ಸಣ್ಣ ಸೂಜಿಯ ಪೆನ್ನು, ಇದಕ್ಕೆಲ್ಲ ದಾರಿ ಇದೆ. ನರ್ಸಮ್ಮನವರು ಹತ್ತು ನಿಮಿಷದಲ್ಲಿ ತೋರಿಸಿಕೊಡುತ್ತಾರೆ.

ಇನ್ನು ನಿಮ್ಮ ಅವಿಶ್ವಾಸದ ವಿಷಯ.

ಕೂಟದವರು ಹೇಳಿದ್ದಕ್ಕೆ ಆಧಾರವಾಗಿ ಮಾರ್ಕ 6 ತೋರಿಸಬಹುದು. ನಜರೇತಿನಲ್ಲಿ ಜನರ ಅವಿಶ್ವಾಸದಿಂದ ಯೇಸುವಿಗೆ ಮಹತ್ಕಾರ್ಯ ಮಾಡಲಾಗಲಿಲ್ಲ ಎಂದಿದೆ. ಅಲ್ಲಿ ಇಡೀ ಊರು ಆತನನ್ನು ತಳ್ಳಿಹಾಕಿತ್ತು. ಆಗಲೂ ಕೆಲವು ರೋಗಿಗಳ ಮೇಲೆ ಕೈಯಿಟ್ಟು ವಾಸಿ ಮಾಡಿದರು ಅಂತ ಅದೇ ವಚನದಲ್ಲಿದೆ. ಸೊಸೆ ಮೀಟರಿನಲ್ಲಿ ಸಕ್ಕರೆ ನೋಡಿದ್ದಕ್ಕೆ ಅತ್ತೆಯ ಗುಣ ನಿಂತಿತು ಅನ್ನುವ ಕಥೆ ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ಬೇತ್ಸಥ ಕೊಳದ ಹತ್ತಿರ ಮಲಗಿದ್ದ, 38 ವರ್ಷದಿಂದ ಕಾಯಿಲೆ ಇದ್ದವನಿಗೆ ತನ್ನನ್ನು ವಾಸಿ ಮಾಡಿದವರು ಯಾರು ಅಂತಲೇ ತಿಳಿದಿರಲಿಲ್ಲ. ಯೇಸುವನ್ನು ಹಿಡಿಯಲು ಬಂದವನ ಕಿವಿ ಕತ್ತರಿಸಿಹೋದಾಗ ಅವನಿಗೆ ಯಾವ ನಂಬಿಕೆ ಇತ್ತು? ಆದರೂ ಮುಟ್ಟಿ ವಾಸಿ ಮಾಡಿದರು. ಹುಟ್ಟುಕುರುಡನನ್ನು ಕಂಡು ಶಿಷ್ಯರು 'ಯಾರ ಪಾಪ, ಇವನದೋ ಅಪ್ಪ ಅಮ್ಮನದೋ' ಅಂತ ಕೇಳಿದಾಗ ಯೇಸು ಎರಡೂ ಅಲ್ಲ ಅಂದರು. ಕಾಯಿಲೆಯ ಮನೆಗೆ ಬಂದು ಯಾರ ತಪ್ಪು ಅಂತ ಹುಡುಕಿದವರು ಯೋಬನ ಸ್ನೇಹಿತರು. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾದದ್ದು ಯೋಬನ ಮೇಲಲ್ಲ, ಅವರ ಮೇಲೆ.

ನಿಮ್ಮ ನಂಬಿಕೆ ಕಡಿಮೆಯಾ ಅಂತ ಕೇಳಿದ್ದೀರಿ. ಇರಬಹುದು. ನನ್ನದೂ ಎಷ್ಟೋ ದಿನ ಕಡಿಮೆ ಇರುತ್ತದೆ. ಕಾಯಿಲೆಯ ಮಗನನ್ನು ಯೇಸುವಿನ ಹತ್ತಿರ ಕರೆತಂದ ಒಬ್ಬ ತಂದೆ 'ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು' ಅಂತ ಕೂಗಿದ. ಅವನ ಮಗನಿಗೆ ಅಷ್ಟರಲ್ಲೇ ಗುಣವಾಯಿತು.

ಈಗ ಮನೆಯ ವಿಷಯ. ಸಾರಿಗೆ ಮಾತ್ರೆ ಹಾಕಬೇಡಿ. ಕೆಲವು ಮಾತ್ರೆ ನಿಧಾನವಾಗಿ ಕರಗುವ ಹಾಗೆ ಮಾಡಿರುತ್ತಾರೆ, ಪುಡಿ ಮಾಡಿದರೆ ಒಮ್ಮೆಗೇ ಮೈಗೆ ಹತ್ತುತ್ತದೆ. ಅವತ್ತು ಅತ್ತೆ ಉಪವಾಸ ಪ್ರಾರ್ಥನೆ ಅಂತ ಸಾರು ಮಾತ್ರ ಕುಡಿದು ಊಟ ಬಿಟ್ಟರೆ ಸಕ್ಕರೆ ಪೂರ್ತಿ ಇಳಿದು ಬಿದ್ದುಬಿಡಬಹುದು. ಸಕ್ಕರೆ ಇಳಿದರೆ ಅದು ಮಾತ್ರೆಯಿಂದ ಅಂತ ನಿಮಗೆ ಮಾತ್ರ ಗೊತ್ತು. ಅವರು ಹೋಗಿ ಸಾಕ್ಷಿ ಹೇಳುತ್ತಾರೆ, ಅದನ್ನು ಕೇಳಿ ಇನ್ನೊಬ್ಬರು ಇನ್ಸುಲಿನ್ ಬಿಡುತ್ತಾರೆ. ಗುಟ್ಟು ಬಯಲಾದರೆ ನೀವು ಕೊಟ್ಟ ನೀರನ್ನೂ ಅವರು ಕುಡಿಯುವುದಿಲ್ಲ.

ಜಗಳ ಮಾಡಿ ಕೈ ಹಿಡಿದು ಎಳೆದುಕೊಂಡು ಹೋಗುವುದು ಇನ್ನೊಂದು ದಾರಿ. ಪ್ರಜ್ಞೆ ತಪ್ಪುವ ಹಾಗಿದ್ದರೆ ಹಾಗೆಯೇ ಮಾಡಿ, ಯೋಚಿಸಬೇಡಿ. ಅಲ್ಲಿಯವರೆಗೆ ಅದರಿಂದ ಒಂದು ದಿನದ ಕೆಲಸ ಆಗುತ್ತದೆ ಅಷ್ಟೇ. ಇನ್ಸುಲಿನ್ ದಿನಾ ಬೇಕು. ದಿನಾ ಜಗಳ ಮಾಡಲು ನಿಮ್ಮಿಂದಲೂ ಆಗುವುದಿಲ್ಲ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಇವತ್ತೇ ನಿಮ್ಮ ಸ್ವಂತ ಸಭೆಯ ಅಯ್ಯನವರಿಗೆ ಫೋನ್ ಮಾಡಿ. ಗಾಯದ ವಿಷಯ, 312 ಎರಡನ್ನೂ ಹೇಳಿ. ಅತ್ತೆ ಗೌರವಿಸುವ ಒಬ್ಬ ಹಿರಿಯರನ್ನು, ಸ್ತ್ರೀಯರ ಕೂಟದ ಒಬ್ಬ ಅಕ್ಕನನ್ನು ಕರೆದುಕೊಂಡು ಬರಲಿ. ಯಾಕೋಬ 5ರಲ್ಲಿ ಇರುವ ಹಾಗೆಯೇ ಆಗಲಿ, ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಲಿ. ಅತ್ತೆಯ ನಂಬಿಕೆಯನ್ನು ಯಾರೂ ಹೀಯಾಳಿಸಬಾರದು. ಪ್ರಾರ್ಥನೆ ಮುಗಿದ ಮೇಲೆ ಅಯ್ಯನವರೇ ಹೇಳಲಿ: 'ಅಮ್ಮಾ, ಯೇಸು ಸ್ವಾಮಿ ಹೋಗಿ ಯಾಜಕನಿಗೆ ತೋರಿಸು ಅಂದ ಹಾಗೆ ನಾವೂ ಹೋಗಿ ತೋರಿಸಿಕೊಂಡು ಬರೋಣ. ನಾನೂ ಬರ್ತೀನಿ.' ಈ ಕೊನೆಯ ಮಾತು ಮುಖ್ಯ. ಹೊರಗೆ ಆಟೋ ನಿಂತಿರಲಿ. ನಿಮ್ಮ ಯಜಮಾನರು ಮಾತಾಡದಿದ್ದರೂ ಪರವಾಗಿಲ್ಲ, ಅಮ್ಮನ ಚಪ್ಪಲಿ ತಂದು ಮುಂದೆ ಇಡುವ ಕೆಲಸ ಅವರಿಗೆ ಕೊಡಿ. ಈ ದಾರಿಯಲ್ಲೂ ಒಂದು ಅಪಾಯ ಇದೆ, ನಿಮ್ಮ ಅಯ್ಯನವರೂ ಕೂಟದವರ ಹಾಗೆಯೇ ಮಾತಾಡಬಹುದು. ಹಾಗಾದರೆ ಅವರನ್ನು ಕಾಯಬೇಡಿ. ಅತ್ತೆಯ ಅಣ್ಣನೋ ತಮ್ಮನೋ ತವರಿನ ಯಾರಾದರೂ ಹಿರಿಯರೋ ಇದ್ದೇ ಇರುತ್ತಾರೆ, ಅವರನ್ನು ಕರೆಸಿ.

ಉಪವಾಸದ ಬಗ್ಗೆ ಒಂದು ಮಾತು. ಇನ್ಸುಲಿನ್ ಮತ್ತೆ ಶುರುವಾದ ಮೇಲೆ ಊಟ ಬಿಡುವ ಉಪವಾಸ ಬೇಡ, ವೈದ್ಯರನ್ನು ಕೇಳದೆ ಖಂಡಿತ ಬೇಡ. ಹಸಿದವನಿಗೆ ರೊಟ್ಟಿ ಹಂಚುವುದೇ ನನಗೆ ಇಷ್ಟವಾದ ಉಪವಾಸ ಅಂತ ಯೆಶಾಯ 58ರಲ್ಲಿ ದೇವರೇ ಹೇಳಿದ್ದಾರೆ. ಅತ್ತೆ ಹೊತ್ತಿಗೆ ಸರಿಯಾಗಿ ತಮ್ಮ ಊಟ ಮಾಡಿ, ಒಂದು ಡಬ್ಬಿ ಕಟ್ಟಿ ಒಬ್ಬರಿಗೆ ಕೊಟ್ಟು ಬರಲಿ.

ಕೂಟದಲ್ಲಿ ಎಣ್ಣೆ ಬಾಟಲಿಗೆ, ಕರವಸ್ತ್ರಕ್ಕೆ ದುಡ್ಡು ತಗೊಂಡರಾ ಅಂತ ನೀವು ಬರೆದಿಲ್ಲ. ತಗೊಂಡಿದ್ದರೆ 2 ಅರಸುಗಳು 5 ಓದಿ. ನಾಮಾನನಿಗೆ ಕುಷ್ಠ ವಾಸಿಯಾದ ಮೇಲೆ ಎಲೀಷನು ಒಂದು ಕಾಸೂ ಮುಟ್ಟಲಿಲ್ಲ. ಆಳು ಗೇಹಜಿ ಹಿಂದೆ ಓಡಿ ಹೋಗಿ ಇಸಕೊಂಡ. ಆ ಕುಷ್ಠ ಅವನಿಗೆ ಅಂಟಿತು.

ಕರ್ತನ ಭೋಜನದ ವಿಷಯ ಕೊನೆಗೆ ಇಟ್ಟಿದ್ದೆ. ಕೊರಿಂಥದ ಸಭೆಯಲ್ಲಿ ಕೆಲವರು ಹಸಿದಿರುವಾಗ ಕೆಲವರು ಹೊಟ್ಟೆ ತುಂಬ ತಿಂದು ಕುಡಿಯುತ್ತಿದ್ದರು. ಬಡವರಿಗೆ ಅವಮಾನ ಆಗುತ್ತಿತ್ತು. ಅಯೋಗ್ಯವಾಗಿ ತಿನ್ನಬೇಡಿ ಅಂತ ಪೌಲ ಹೇಳಿದ್ದು ಅದಕ್ಕೆ. ಅತ್ತೆಯ ಕಾಲಿನ ಗಾಯ ನೋಡಿ ಹೆದರಿದವರಿಗೆ ಹೇಳಿದ್ದಲ್ಲ. ಹೋದ ವಾರ ಎದ್ದು ಹೋಗದಿದ್ದದ್ದು ಬಿಡಿ. ಮುಂದಿನ ಸಲ ಅತ್ತೆಯ ಪಕ್ಕದಲ್ಲೇ ಕುಳಿತುಕೊಳ್ಳಿ. ಕಾಲಿಗೆ ಪಟ್ಟಿ ಕಟ್ಟಿರುತ್ತಾರೆ, ಅವರಿಗೆ ಏಳುವಾಗ ಒಂದು ಕೈ ಬೇಕಾಗುತ್ತದೆ. ಕೈ ಕೊಟ್ಟು ಎಬ್ಬಿಸಿ, ಇಬ್ಬರೂ ಒಟ್ಟಿಗೆ ಮುಂದೆ ಹೋಗಿ ತಗೊಳ್ಳಿ. ಆ ಒಂದು ಗುಟುಕು ದ್ರಾಕ್ಷಾರಸಕ್ಕೆ ಸಕ್ಕರೆ ಏರುವುದಿಲ್ಲ, ಅದನ್ನೂ ಹೇಳಿಬಿಡಿ.